ಹದಿನಾಲ್ಕನೆಯ ಸಾಲು

ನಮ್ಮ ಬಡಾವಣೆಯ ಸ್ಕೌಟ್ ದಳದಲ್ಲಿ ಹೊಸದಾಗಿ ಸೇರುವ ಮನೆಯವರಿಗೆ ಒಂದು ಹಾಳೆ ಕೊಡುತ್ತಾರೆ. ಮಕ್ಕಳನ್ನು ಎಷ್ಟು ಹೊತ್ತಿಗೆ ತಂದು ಬಿಡಬೇಕು, ಎಷ್ಟು ಹೊತ್ತಿಗೆ ಕರೆದುಕೊಂಡು ಹೋಗಬೇಕು, ನೀರಿನ ಬಾಟಲಿಯ ಮೇಲೆ ಹೆಸರು ಬರೆಯಬೇಕು, ಇಂಥವೆಲ್ಲ ಅದರಲ್ಲಿರುತ್ತವೆ. ಈಗ ಆ ಹಾಳೆಯಲ್ಲಿ ಹದಿನಾಲ್ಕು ಸಾಲುಗಳಿವೆ. ನನ್ನ ಕೈಗೆ ಕೊಟ್ಟಾಗ ಹದಿಮೂರೇ ಇದ್ದವು. ಹದಿನಾಲ್ಕನೆಯದು ಸೇರಿದ್ದು ನನ್ನಿಂದ. ಹೆಮ್ಮೆಪಡುವ ಸಂಗತಿಯೇನಲ್ಲ, ಆದರೆ ಅರವತ್ತಾರು ದಾಟಿದ ಮೇಲೆ ಮುಚ್ಚಿಟ್ಟುಕೊಂಡು ಏನು ಮಾಡಲಿ?

ನಾನು ಮೂವತ್ತೊಂದು ವರ್ಷ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ದಿನಕ್ಕೆ ಇನ್ನೂರು ದಿಂಬಿನ ಚೀಲ, ಮುನ್ನೂರು ಕೈವಸ್ತ್ರ. ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ. ಬಸ್ಸಿನಲ್ಲಿ ಮುಂದೆ ಕೂತವರ ಕಾಲರ್ ಮಡಚಿಕೊಂಡಿದ್ದರೆ ಕೈ ತಾನಾಗಿ ಹೋಗುತ್ತದೆ, ಇದಕ್ಕೆ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು ಎಂದು ನನ್ನ ಮಗಳು ಆಡಿಕೊಳ್ಳುತ್ತಾಳೆ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಈ ಊರಿಗೆ ವರ್ಗವಾದದ್ದರಿಂದ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದೆವು. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ನಾಲ್ಕನೇ ಮಹಡಿಯ ಮನೆ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂದು ಬರೆದ ಚೀಟಿಯೇ ಹಳದಿಯಾಗಿ ಹೋಗಿತ್ತು. ನಾಲ್ಕು ತಿಂಗಳಾದರೂ ಒಂಬತ್ತು ರಟ್ಟಿನ ಪೆಟ್ಟಿಗೆಗಳು ಬಿಚ್ಚದೆ ಗೋಡೆಗೆ ಒರಗಿಕೊಂಡೇ ಇದ್ದವು. ಮಗಳಿಗೆ ಪುರುಸೊತ್ತಿಲ್ಲ, ನನಗೆ ಮಂಡಿ ನೋವು. ಪಕ್ಕದ ಮನೆಯಾಕೆ ಒಮ್ಮೆ, "ನಾನು ಬಂದು ಕೈ ಹಾಕ್ಲಾ?" ಎಂದು ಕೇಳಿದ್ದಳು. ಬೇಡ ಎಂದು ಹೇಳಿ ಬಾಗಿಲು ಹಾಕಿದ್ದೆ. ಯಾರ ಹಂಗಿನಲ್ಲೂ ಇರಬಾರದು ಎನ್ನುವುದು ನನ್ನ ಹಟ.

ಇನ್ನು ಮೊಮ್ಮಗಳು. ಅವಳಿಗೆ ಒಂಬತ್ತು ವರ್ಷ. ನಾನು ಅವಳನ್ನು ಕರೆಯುವುದು ಜೀರುಂಡೆ ಎಂದು. ಹಳೆಯ ಊರಿನಲ್ಲಿ ಕಣ್ಣು ಬಿಟ್ಟರೆ ಶುರು, ನಿದ್ದೆ ಬರುವ ತನಕ ಒಂದೇ ಸಮ ಮಾತು. "ಸ್ವಲ್ಪ ಬಾಯಿಗೆ ಬೀಗ ಹಾಕ್ಕೋ ಮಾರಾಯ್ತಿ" ಎಂದು ನಾನೇ ಎಷ್ಟು ಸಲ ಗದರಿಸಿದ್ದೆನೋ. ಈ ಊರಿಗೆ ಬಂದ ಮೇಲೆ ಅವಳು ನಿಜವಾಗಿಯೂ ಬೀಗ ಹಾಕಿಕೊಂಡಳು. ಮನೆಯಲ್ಲಿ ಹೂಂ, ಊಹೂಂ. ಹೊರಗೆ ಅದೂ ಇಲ್ಲ. ನಾಲ್ಕು ತಿಂಗಳಲ್ಲಿ ತರಗತಿಯಲ್ಲಿ ಒಬ್ಬರ ಜೊತೆಯೂ ಮಾತಾಡಿಲ್ಲ ಎಂದು ಟೀಚರ್ ಕರೆಸಿ ಹೇಳಿದರು. ಆವತ್ತು ಮೆಟ್ಟಿಲು ಹತ್ತುವಾಗ ನನಗೆ ಅಳು ಬಂತು. ಮಂಡಿ ನೋವಿನಿಂದ ಎಂದು ಅವಳಿಗೆ ಸುಳ್ಳು ಹೇಳಿದೆ.

ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ದಳದ ಚೀಟಿ ನೋಡಿದ್ದು ಮಗಳು. "ಅಮ್ಮ, ಶನಿವಾರ ನನಗೆ ಡ್ಯೂಟಿ ಇದೆ. ನೀನೇ ಕರ್ಕೊಂಡು ಹೋಗು. ಒಂದ್ಸಲ ನೋಡ್ಲಿ, ಬಲವಂತ ಬೇಡ" ಎಂದಳು.

ಅಗ್ನಿಶಾಮಕ ಠಾಣೆಯ ಹಿಂದೆ ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು. ಒಳಗೆ ಗೋಡೆಯ ತುಂಬ ಕೊಕ್ಕೆಗಳು, ಕೊಕ್ಕೆಗಳಿಗೆ ಸುರುಳಿ ಸುತ್ತಿದ ಹಗ್ಗಗಳು. ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ, ಹೊರಗೆ ಗೋಡೆಗೆ ತಾಗಿಸಿ ಒಂದು ಬೆಂಚು ಹಾಕಿದ್ದರು. ದಳ ನಡೆಸುವವಳು ವೃತ್ತಿಯಿಂದ ಎಲೆಕ್ಟ್ರಿಷಿಯನ್, ಮಕ್ಕಳು ಕರೆಯುವುದು ಕರೆಂಟಕ್ಕ ಎಂದು. ನಲವತ್ತರ ಹೆಂಗಸು, ಸೊಂಟದಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡೇ ಇರುತ್ತಾಳೆ.

"ಮೊದಲ ಮೂರು ಶನಿವಾರ ಬರೀ ನೋಡೋದು ಅಜ್ಜಿ. ಇಷ್ಟ ಆದ್ರೆ ನಾಲ್ಕನೇ ವಾರ ಸ್ಕಾರ್ಫ್ ಕೊಡ್ತೀವಿ. ಅಲ್ಲಿಂದ ನಾಲ್ಕು ವಾರಕ್ಕೆ ಪ್ರತಿಜ್ಞೆ. ಆಮೇಲೆ ಅವಳು ದಳದವಳು, ಶಿಬಿರಕ್ಕೂ ಬರಬಹುದು. ಬಟ್ಟೆ ಹೊಸದು ಹೊಲಿಸ್ಬೇಡಿ, ಪೆಟ್ಟಿಗೇಲಿದೆ."

ಆ ಪೆಟ್ಟಿಗೆಯಿಂದ ಒಂದು ಅಂಗಿ ತೆಗೆದು ನನ್ನ ಕೈಗಿಟ್ಟಳು. ಕಾಲರಿನ ಒಳಗೆ ಹಿಂದೆ ಅದನ್ನು ತೊಟ್ಟವರ ಹೆಸರುಗಳು, ಒಂದರ ಕೆಳಗೆ ಒಂದು, ಐದು ಮಕ್ಕಳದು. ಬಟ್ಟೆ ಒಳ್ಳೆಯದೇ, ಇಸ್ತ್ರಿ ಮಾತ್ರ ದೇವರಿಗೇ ಪ್ರೀತಿ.

"ಇನ್ನೊಂದು. ಪ್ರತಿ ಮನೆಯವರೂ ಒಂದು ಕೆಲಸ ತಗೋಬೇಕು" ಎಂದು ಬಿಸ್ಕತ್ತಿನ ಡಬ್ಬಿ ಮುಂದೆ ಚಾಚಿದಳು. ಒಳಗೆ ಮಡಚಿದ ಚೀಟಿಗಳು.

"ನೋಡಮ್ಮ, ಸಹಾಯ ಯಾರಿಂದಾನೂ ತಗೊಳ್ಳೋಳಲ್ಲ ನಾನು. ಕೆಲಸ ಎಷ್ಟು ಬೇಕಾದ್ರೂ ಕೊಡಿ" ಎಂದು ಕೈ ಹಾಕಿದೆ.

ಚೀಟಿಯಲ್ಲಿ ಹೀಗಿತ್ತು: ಪ್ರತಿಜ್ಞೆಯ ಹಿಂದಿನ ದಿನ ಎಲ್ಲರ ಸ್ಕಾರ್ಫ್ ಒಗೆದು ಇಸ್ತ್ರಿ. ಪಕ್ಕದಲ್ಲಿದ್ದ ಕನ್ನಡಕದಂಗಡಿಯವನ ಪಾಲಿಗೆ ಶೆಡ್ಡಿನ ಕಸ ಗುಡಿಸುವುದು ಬಂದಿತ್ತು, ಅವನು ನನ್ನ ಚೀಟಿಯನ್ನು ಆಸೆಯಿಂದ ನೋಡಿದ. ನಾನಂತೂ ಲಾಟರಿ ಹೊಡೆದವಳ ಹಾಗೆ ಮನೆಗೆ ಬಂದೆ.

ಜೀರುಂಡೆ ಮೂರು ವಾರ ನೋಡಿದಳು. ಮೂರನೆಯ ವಾರ ಮನೆಗೆ ಬರುವಾಗ ತಾನಾಗಿಯೇ, "ಮುಂದಿನ ವಾರಾನೂ ಹೋಗೋಣ" ಎಂದಳು. ಮೂರೇ ಪದ. ನನಗೆ ಹಬ್ಬವಾದಂತಾಯಿತು. ಅವಳನ್ನು ಆರು ಮಕ್ಕಳ ಒಂದು ತಂಡಕ್ಕೆ ಹಾಕಿದ್ದರು. ತಂಡದ ನಾಯಕಿ ಹನ್ನೆರಡು ವರ್ಷದ, ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿ. ಅವಳು ಜೀರುಂಡೆಯ ಉತ್ತರಕ್ಕೂ ಕಾಯದೆ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು.

ನನಗೆ ಆಗ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಈ ದಳದಲ್ಲಿ ಪ್ರತಿ ಶನಿವಾರ ಕೊನೆಗೆ ಮಕ್ಕಳು ಸ್ಕಾರ್ಫಿನ ಒಂದು ಮೂಲೆಗೆ ಗಂಟು ಹಾಕಿಕೊಳ್ಳುತ್ತಾರೆ. ಆ ವಾರ ಯಾರಿಗಾದರೂ ಒಂದು ಸಹಾಯ ಮಾಡಬೇಕು ಎನ್ನುವುದರ ಗುರುತು. ಗಂಟನ್ನು ತಾವೇ ಬಿಚ್ಚುವಂತಿಲ್ಲ. ಯಾರಿಗೆ ಸಹಾಯ ಮಾಡಿದರೋ ಅವರ ಕೈಯಲ್ಲೇ ಬಿಚ್ಚಿಸಬೇಕು. ಬಿಚ್ಚದಿದ್ದರೆ ಶಿಕ್ಷೆಯೇನಿಲ್ಲ, ಗಂಟು ಮುಂದಿನ ವಾರಕ್ಕೂ ಇರುತ್ತದೆ. ಹೊಸ ಮಕ್ಕಳಿಗೆ ಮಾತ್ರ ಒಂದು ಕಟ್ಟುನಿಟ್ಟು: ಪ್ರತಿಜ್ಞೆಯ ಹೊತ್ತಿಗೆ ಒಂದು ಗಂಟಾದರೂ ಬಿಚ್ಚಿರಬೇಕು, ಇಲ್ಲವಾದರೆ ಮುಂದಿನ ಸರದಿ, ಅಂದರೆ ಆರು ತಿಂಗಳು. ಊರಿಗೆ ಹೊಸಬರಾದ ಮಕ್ಕಳು ಯಾರದಾದರೂ ಬಾಗಿಲು ತಟ್ಟಲಿ, ನಾಲ್ಕು ಜನರ ಪರಿಚಯವಾಗಲಿ ಎಂದೇ ಈ ಪದ್ಧತಿಯಂತೆ. ಇದನ್ನೆಲ್ಲ ಶೆಡ್ಡಿನೊಳಗೆ ಮಕ್ಕಳಿಗೆ ಹೇಳಿದ್ದರು. ಬೆಂಚಿನ ಮೇಲಿದ್ದ ನಮಗೆ ಯಾರೂ ಹೇಳಿರಲಿಲ್ಲ. ಜೀರುಂಡೆಯ ಗಂಟಿಗೆ ನಾಲ್ಕು ವಾರವಾಗುತ್ತ ಬಂದಿತ್ತು. ಬಾಯಿ ಬಿಡದೆ ಯಾರನ್ನು ಕೇಳುವುದು? ಅವಳು ಮನೆಯಲ್ಲೂ ಹೇಳಲಿಲ್ಲ, ಸ್ಕಾರ್ಫನ್ನು ನನ್ನ ಕಣ್ಣಿಗೆ ಬೀಳದಂತೆ ಶಾಲೆಯ ಚೀಲದ ತಳದಲ್ಲಿಟ್ಟುಕೊಂಡಿದ್ದಳು.

ಪ್ರತಿಜ್ಞೆಯ ಹಿಂದಿನ ದಿನ, ಶುಕ್ರವಾರ ಬೆಳಗ್ಗೆ, ಜೀರುಂಡೆ ಶಾಲೆಗೆ ಹೋದ ಮೇಲೆ ಕರೆಂಟಕ್ಕ, ಮಕ್ಕಳು ಶಾಲೆಗೆ ಹೋಗುವಾಗ ಶೆಡ್ಡಿನಲ್ಲಿ ಕೊಟ್ಟುಹೋದ ಸ್ಕಾರ್ಫುಗಳ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿ ಬಂದಳು. "ಇಪ್ಪತ್ತೆರಡಿವೆ ಅಜ್ಜಿ. ಒಗೆದು ಒಂದು ಇಸ್ತ್ರಿ ಎಳೆದುಬಿಡಿ ಸಾಕು" ಎಂದು ಬಂದ ವೇಗದಲ್ಲೇ ಇಳಿದು ಹೋದಳು. ಯಾರದೋ ಮನೆಯಲ್ಲಿ ಫ್ಯೂಸ್ ಹೋಗಿತ್ತಂತೆ.

ಎಳೆದುಬಿಡುವುದಂತೆ! ನನಗೆ ಹೇಳುವ ಮಾತೇ ಅದು?

ಚೀಲ ಸುರಿದು ನೋಡಿದರೆ ಹದಿನೇಳು ಸ್ಕಾರ್ಫುಗಳ ಮೂಲೆಯಲ್ಲಿ ಗಂಟು. ಮಕ್ಕಳ ಚೇಷ್ಟೆ ಎಂದುಕೊಂಡೆ. ಬಟ್ಟೆಗೆ ಗಂಟು ಹಾಕುವುದೆಂದರೆ ನನ್ನ ಪ್ರಕಾರ ಊಟದ ತಟ್ಟೆಗೆ ಉಗುಳಿದ ಹಾಗೆ. ಒದ್ದೆಯಾದರೆ ಗಂಟು ಇನ್ನೂ ಬಿಗಿಯುತ್ತದೆ, ಹಾಗಾಗಿ ಒಣಗಿದ್ದಾಗಲೇ ಬಿಚ್ಚಬೇಕು. ದಬ್ಬಣ ತಂದು ಕಿಟಕಿಯ ಹತ್ತಿರ ಕೂತೆ. ಕೆಲವು ಸಡಿಲವಾಗಿದ್ದವು. ಕೆಲವು ವಾರಗಟ್ಟಲೆ ಹಳೆಯವು, ಕಲ್ಲಾಗಿದ್ದವು. ಎರಡು ಗಂಟೆ ಹಿಡಿಯಿತು, ಹೆಬ್ಬೆರಳಿನ ಉಗುರು ಮುರಿಯಿತು. ಆಮೇಲೆ ನೆನೆಸಿ, ಒಗೆದು, ಬಾಲ್ಕನಿಯಲ್ಲಿ ಹರವಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ತೆಗೆದು, ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು, ಹೀಗೆ ಕ್ರಮವಾಗಿ ಇಸ್ತ್ರಿ ಮಾಡಿದೆ. ಗಂಟಿದ್ದ ಜಾಗದ ಸುಕ್ಕಿಗೆ ನೀರು ಚಿಮುಕಿಸಿ ಎರಡೆರಡು ಸಲ. ಇಪ್ಪತ್ತೆರಡನ್ನೂ ಒಂದರ ಮೇಲೊಂದು ಇಟ್ಟಾಗ ಹೊಸ ಪುಸ್ತಕದಂತೆ ಕೂತವು. ಮೂವತ್ತೊಂದು ವರ್ಷದ ವಿದ್ಯೆ, ಸುಮ್ಮನೆಯೇ?

ನಾಲ್ಕು ಗಂಟೆಗೆ ಜೀರುಂಡೆ ಬಂದಳು. ಚೀಲ ಬೆನ್ನಿನಲ್ಲಿರುವಾಗಲೇ ಮೇಜಿನ ಹತ್ತಿರ ನಿಂತಳು. ತನ್ನ ಸ್ಕಾರ್ಫ್ ಹುಡುಕಿ ಎಳೆದು, ಅದರ ಎಲ್ಲ ಮೂಲೆಗಳನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು.

"ಹೇಗಿದೆ?" ಎಂದೆ, ಹೊಗಳಿಕೆ ಕಾಯುತ್ತ.

ಅವಳು ಸ್ಕಾರ್ಫನ್ನು ಇದ್ದ ಜಾಗದಲ್ಲೇ ಇಟ್ಟು ಕೋಣೆಗೆ ಹೋಗಿ ಮಲಗಿಬಿಟ್ಟಳು. ಊಟಕ್ಕೂ ಏಳಲಿಲ್ಲ. ಪ್ರತಿಜ್ಞೆ ಹೇಳುವ ಹೆದರಿಕೆ ಎಂದುಕೊಂಡೆ.

ಶನಿವಾರ ಅಪರೂಪಕ್ಕೆ ದೊಡ್ಡವರನ್ನೂ ಒಳಗೆ ಬಿಟ್ಟಿದ್ದರು. ಮಗಳು ಬೆಳಗಿನ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಓಡಿ ಬಂದು ಹಿಂದೆ ನಿಂತಳು. ನಾನು ಮುಂದೆ ಹೋಗಿ ಒಬ್ಬೊಬ್ಬರಿಗೇ ಸ್ಕಾರ್ಫ್ ಕೊಡುತ್ತ ಬಂದೆ. ಕೊನೆಯದನ್ನು ಕೊಟ್ಟು ಮುಗಿಸುವಷ್ಟರಲ್ಲಿ ಒಬ್ಬ ಪುಟ್ಟ ಹುಡುಗ, "ನನ್ನ ಗಂಟೆಲ್ಲಿ?" ಎಂದು ಗೊಳೋ ಎಂದು ಅತ್ತ. ಉಳಿದವರೂ ತಮ್ಮ ತಮ್ಮ ಮೂಲೆ ನೋಡಿಕೊಂಡರು. 

ಕರೆಂಟಕ್ಕ ಹತ್ತಿರ ಬಂದಳು. "ಅಜ್ಜಿ, ಇವನ್ನೆಲ್ಲ ನೀವು ಬಿಚ್ಚಿಬಿಟ್ರಾ?"

"ಬಿಚ್ಚದೆ ಹೇಗಮ್ಮ ಇಸ್ತ್ರಿ ಮಾಡೋದು?"

ಆಗ ಅವಳು ಗಂಟಿನ ವಿಷಯ ಹೇಳಿದಳು. ಒಗೆಯುವಾಗ ಗಂಟು ಸಮೇತ ಒಗೆಯುವುದು, ಇಸ್ತ್ರಿಯನ್ನು ಗಂಟಿನ ತನಕ ತಂದು ನಿಲ್ಲಿಸುವುದು ಇಲ್ಲಿ ಎಲ್ಲರಿಗೂ ಗೊತ್ತಂತೆ. ಹಿಂದಿನಿಂದ ಯಾರೋ, "ಪಾಪ, ಹೊಸಬರು" ಎಂದರು. ಆ 'ಪಾಪ' ಕೇಳಿ ನನಗೆ ಮೈಯೆಲ್ಲ ಉರಿಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

"ಎಲ್ಲರಿಗೂ ಗೊತ್ತಿದ್ರೆ ಹಾಳೇಲಿ ಎಲ್ಲಿ ಬರೆದಿದೆ ತೋರ್ಸಿ! ಹದಿಮೂರು ಸಾಲೂ ನನಗೆ ಬಾಯಿಪಾಠ ಇದೆ. ನೀರಿನ ಬಾಟಲಿಗೆ ಹೆಸರು ಬರೀಬೇಕು ಅಂತ ಇದೆ, ಗಂಟು ಬಿಚ್ಚಬಾರದು ಅಂತ ಎಲ್ಲಿದೆ?"

ಕರೆಂಟಕ್ಕ ಗೋಡೆಗೆ ಅಂಟಿಸಿದ್ದ ಅದೇ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದಳು. "ಇಲ್ಲ. ನಮ್ಮದೇ ತಪ್ಪು ಅಜ್ಜಿ. ಗೊತ್ತಿರೋದೇ ಅಲ್ವಾ ಅಂತ ಬರೆದಿಲ್ಲ" ಎಂದಳು. ನೇರವಾಗಿ ಒಪ್ಪಿಕೊಂಡುಬಿಟ್ಟರೆ ಜಗಳವಾಡುವುದು ಹೇಗೆ? ನನ್ನ ಕೋಪ ಅರ್ಧಕ್ಕೇ ನಿಂತಿತು.

"ದೊಡ್ಡ ವಿಷಯ ಏನಲ್ಲ, ಗಂಟು ಮತ್ತೆ ಹಾಕ್ಕೊಳ್ಳೋಣ" ಎಂದು ಅವಳು ಮಕ್ಕಳಿಗೆ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಹೊಸಬರು ನಾಲ್ಕು ಜನ. ಮೂವರದು ಮೊದಲೇ ಬಿಚ್ಚಾಗಿತ್ತು. ಒಬ್ಬಳದು ಮಾತ್ರ…" ಎಂದು ನಿಲ್ಲಿಸಿದಳು.

ಯಾರದೆಂದು ಕೇಳಬೇಕಾಗಲಿಲ್ಲ. ಜೀರುಂಡೆ ನೆಲ ನೋಡುತ್ತ ನಿಂತಿದ್ದಳು. ನಾಲ್ಕು ವಾರ ಆ ಗಂಟನ್ನು ಹೊತ್ತುಕೊಂಡು ತಿರುಗಿದ್ದಾಳೆ, ಒಬ್ಬರನ್ನೂ ಕೇಳಲಾಗದೆ. ಅದು ಗೊತ್ತಾಗದೆ ನಾನು ಅದರ ಸುಕ್ಕಿಗೆ ನೀರು ಚಿಮುಕಿಸಿದ್ದೆ. ಈಗ ಇಡೀ ಊರಿನ ಮುಂದೆ ಅವಳ ಅಜ್ಜಿ ಖಾಲಿ ಚೀಲ ಹಿಡಿದು ಬೈದಾಡಿದವಳು. ಇನ್ನು ಆರು ತಿಂಗಳಲ್ಲ, ಆರು ವರ್ಷವಾದರೂ ಈ ಹುಡುಗಿ ಇಲ್ಲಿಗೆ ಕಾಲಿಡುವುದಿಲ್ಲ ಎನಿಸಿತು.  ಕ್ಷಮಿಸಿ ಎನ್ನಬೇಕು, ಆ ಪದ ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಯಾರೂ ಏನೂ ಹೇಳಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಗಂಟು ಬಿಚ್ಚಾಗಿದೆ."

ಯಾರ ದನಿ ಎಂದು ಮೊದಲು ನನಗೇ ತಿಳಿಯಲಿಲ್ಲ. ಜೀರುಂಡೆ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಕಿವಿಯೆಲ್ಲ ಕೆಂಪಾಗಿತ್ತು.

"ಬಿಚ್ಚಿದ್ದು ಅಜ್ಜಿ. ಯಾರಿಗೆ ಸಹಾಯ ಮಾಡ್ತೀವೋ ಅವರೇ ಬಿಚ್ಚಬೇಕು ಅಂತ ತಾನೇ ನಿಯಮ? ಹಾಗಾದ್ರೆ ನಾವು ಅಜ್ಜಿಗೆ ಸಹಾಯ ಮಾಡ್ಬೇಕು. ಎಲ್ಲರೂ. ಬಿಚ್ಚೋದು ಮೊದಲು ಆಗಿದೆ, ಸಹಾಯ ಆಮೇಲೆ. ಅಷ್ಟೇ."

ತಂತಿಹಲ್ಲಿನ ಹುಡುಗಿ ಬಾಯಿ ತೆರೆದು ನಿಂತಳು. ಆಮೇಲೆ, "ಅಕ್ಕ, ಇವಳು ಮಾತಾಡ್ತಾಳೆ!" ಎಂದು ಕಿರುಚಿದಳು. ಮಕ್ಕಳೆಲ್ಲ ಒಟ್ಟಿಗೇ ಗಲಾಟೆ ಶುರುಮಾಡಿದರು. ಸರಿ ಎಂದವರು ಕೆಲವರು, ಉಲ್ಟಾ ಆಗುತ್ತದೆ ಎಂದವರು ಕೆಲವರು. ಕರೆಂಟಕ್ಕ ಕೈ ಎತ್ತಿಸಿದಳು. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಕೈ ಮೇಲೆ. ಪ್ರತಿಜ್ಞೆಯನ್ನು ಒಂದು ವಾರ ಮುಂದೆ ಹಾಕಿದರು. ಕರೆಂಟಕ್ಕ ಅಲ್ಲೇ ಪೆನ್ನು ತೆಗೆದು ಹಾಳೆಯ ಕೆಳಗೆ ಬರೆದಳು: ಸ್ಕಾರ್ಫನ್ನು ಗಂಟು ಸಮೇತ ಒಗೆಯಿರಿ.

"ನನಗೆ ಯಾರ ಸಹಾಯಾನೂ…" ಎಂದು ನಾನು ಶುರುಮಾಡಿದೆ. ಜೀರುಂಡೆ ತಿರುಗಿ ನನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡೆ.

ಆ ವಾರದ ಕಥೆ ಕೇಳಬೇಡಿ. ಸೋಮವಾರದಿಂದ ಮನೆಗೆ ಮಕ್ಕಳ ದಂಡು. ನನ್ನನ್ನು ಯಾರೂ ರಸ್ತೆ ದಾಟಿಸಕೂಡದು ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದೆ. ಪೆಟ್ಟಿಗೆಗೊಬ್ಬರಂತೆ ಒಂಬತ್ತು ಮಕ್ಕಳು ಒಂಬತ್ತು ಪೆಟ್ಟಿಗೆ ಬಿಚ್ಚಿದರು. ಆರು ತಿಂಗಳಿಂದ ಹುಡುಕುತ್ತಿದ್ದ ನನ್ನ ಬಿಸಿನೀರಿನ ಚೀಲ ಏಳನೆಯದರಲ್ಲಿ ಸಿಕ್ಕಿತು. ಒಬ್ಬಳು ಬಾಗಿಲಿನ ತಿರುಗಣೆಗೆ ಎಣ್ಣೆ ಬಿಟ್ಟಳು, ಜೊತೆಗೆ ನೆಲಕ್ಕೂ. ಒಬ್ಬ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ. ಅತ್ತಿದ್ದ ಪುಟ್ಟ ಹುಡುಗ ಏನು ಮಾಡುವುದೆಂದು ತಿಳಿಯದೆ ಮಹಡಿಗೊಂದರಂತೆ ಮೆಟ್ಟಿಲ ತಿರುವಿನಲ್ಲಿ ಹಳೆಯ ಸ್ಟೂಲುಗಳನ್ನಿಟ್ಟು ಹೋದ, ನಾನು ಹತ್ತುವಾಗ ಕೂತುಕೊಳ್ಳಲೆಂದು. ಅವನ್ನು ಕೊಟ್ಟದ್ದು ಪಕ್ಕದ ಮನೆಯಾಕೆ. ಮುಖ ಗಂಟಿಕ್ಕಿಕೊಂಡೇ ಅವಳಿಗೆ ಉಪಕಾರವಾಯಿತು ಎಂದು ಹೇಳಲು ಹೋದೆ. ಅವಳು ನನ್ನನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದಳು.

ಹದಿನಾರು ಸಹಾಯ ಶುಕ್ರವಾರದ ಹೊತ್ತಿಗೆ ಮುಗಿದವು. ಹದಿನೇಳನೆಯದು ಮಾತ್ರ ಆಗಲಿಲ್ಲ. ಜೀರುಂಡೆ ಬಂದ ಮಕ್ಕಳಿಗೆ ಬಾಗಿಲು ತೆಗೆದಳು, ಕತ್ತರಿ ಎಲ್ಲಿದೆ, ಪೊರಕೆ ಎಲ್ಲಿದೆ ಎಂದು ತೋರಿಸಿದಳು, ತಂತಿಹಲ್ಲಿನ ಹುಡುಗಿಯ ಜೊತೆ ಕೋಣೆಯಲ್ಲಿ ಪಿಸುಪಿಸು ಎಂದಳು. ನನಗೆ ಮಾತ್ರ ಏನೂ ಮಾಡಲಿಲ್ಲ. ನಾನೇ ತಡೆಯಲಾರದೆ, "ಈ ಸೂಜಿಗೆ ದಾರ ಪೋಣಿಸಿಕೊಡು ಬಾ, ಅದನ್ನೇ ಹೇಳಿಬಿಡೋಣ" ಎಂದೆ.

"ಬೇಡ" ಎಂದಳು.

"ಹಾಗಾದ್ರೆ ನಾಳೆ ಏನು ಹೇಳ್ತೀ?"

ಅವಳು ಎದ್ದು ಕೋಣೆಗೆ ಹೋದಳು. ಮತ್ತೆ ಬೀಗ ಬಿತ್ತು ಎಂದು ಹೆದರಿದೆ. ನಾಳೆ ಅವಳು ಸುಮ್ಮನೆ ನಿಂತರೆ ಏನಾದರೊಂದು ಸುಳ್ಳು ಹೇಳಿ ದಾಟಿಸಿಬಿಡಬೇಕು ಎಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ: ಕಾಲು ಒತ್ತಿದಳು, ಬೆನ್ನಿಗೆ ಮುಲಾಮು ಹಚ್ಚಿದಳು.

ಶನಿವಾರ ಶೆಡ್ಡಿನ ನಡುವೆ ನನಗೊಂದು ಕುರ್ಚಿ ಹಾಕಿದ್ದರು. ಒಬ್ಬೊಬ್ಬರೇ ಬಂದು ತಾವು ಮಾಡಿದ್ದನ್ನು ಹೇಳುವುದು, ನಾನು "ಹೌದು, ಗಂಟು ಬಿಚ್ಚಿದ್ದು ನಾನೇ" ಎನ್ನುವುದು. ಹದಿನಾರು ಸಲ ಹೇಳಿದೆ. ಕೊನೆಗೆ ಜೀರುಂಡೆ ಬಂದು ನಿಂತಳು. ನನ್ನ ಇಸ್ತ್ರಿಯ ಸ್ಕಾರ್ಫು, ಐದು ಹೆಸರುಗಳ ಕೆಳಗೆ ಆರನೆಯದಾಗಿ ತನ್ನ ಹೆಸರು ಬರೆದುಕೊಂಡ ಅಂಗಿ.

"ನೀನು ಅಜ್ಜಿಗೆ ಏನು ಸಹಾಯ ಮಾಡಿದೆ?" ಕರೆಂಟಕ್ಕ ಕೇಳಿದಳು.

ಮುಲಾಮು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಶುರುಮಾಡಿದಳು.

"ನಂದು ಹೋದ ವಾರಾನೇ ಆಯ್ತು. ಅಜ್ಜಿ ಒಬ್ಬಳೇ ನಿಂತಿದ್ಳು, ಇಲ್ಲೇ, ಚೀಲ ಹಿಡ್ಕೊಂಡು. ಯಾರೂ ಮಾತಾಡ್ಲಿಲ್ಲ. ನನಗೆ ತುಂಬಾ ಭಯ ಆಗ್ತಿತ್ತು. ಆದ್ರೂ ಮಾತಾಡ್ದೆ." ಕರೆಂಟಕ್ಕನ ಕಡೆ ತಿರುಗಿ, "ಅದು ಲೆಕ್ಕಕ್ಕೆ ಬರುತ್ತೆ ತಾನೇ?" ಎಂದಳು.

ಕರೆಂಟಕ್ಕ ನನ್ನ ಕಡೆ ತಿರುಗಿದಳು. "ಹೌದಾ ಅಜ್ಜಿ?"

ಹೇಳಬೇಕಾದ್ದು ನಾಲ್ಕೇ ಮಾತು, ಹದಿನಾರು ಸಲ ಹೇಳಿ ರೂಢಿಯಾದದ್ದು. ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ. ಇಡೀ ಶೆಡ್ಡು ಕಾಯುತ್ತಿತ್ತು. ಜೀರುಂಡೆ ಹತ್ತಿರ ಬಂದು ನನ್ನ ಭುಜ ಅಲ್ಲಾಡಿಸಿದಳು.

"ಹೇಳಜ್ಜಿ. ಏನಾಯ್ತು? ಹೇಳು, ಎಲ್ಲರೂ ಕಾಯ್ತಿದಾರೆ, ಆಮೇಲೆ ಪ್ರತಿಜ್ಞೆ ಇದೆ, ಆಮೇಲೆ ಶಿಬಿರದ ವಿಷಯ ಹೇಳ್ತಾರೆ, ನೀನು ಹೇಳದೇ ಇದ್ರೆ ಯಾವುದೂ ಶುರುವಾಗಲ್ಲ, ಬೇಗ ಹೇಳು…"

ಅವಳು ನಿಲ್ಲಿಸಲೇ ಇಲ್ಲ. ನಾನೂ ನಿಲ್ಲಿಸು ಎನ್ನಲಿಲ್ಲ.